ಅಡಿಕೆ ಹಾಳೆಯಲ್ಲಿ ನಿಂತ ನೀರು: ಕಾಸರಗೋಡಿನ ಒಂದು ವಾರ್ಡಿನಲ್ಲಿ ಡೆಂಗಿ ತಡೆಯುವ ಕೆಲಸ

ಇದು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಪಂಚಾಯತಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಗುಂಪೊಂದು ಸಮುದಾಯ ಆರೋಗ್ಯದ ಪೋಸ್ಟಿಂಗ್‌ನಲ್ಲಿ ಮಾಡಿದ ಕೆಲಸದ ವಿವರ. ಆ ಗುಂಪಿನ ಮೇಲ್ವಿಚಾರಣೆ ನನ್ನದಾಗಿತ್ತು. ಪಂಚಾಯತ್, ಕಾಲೇಜು, ವರ್ಷ ಯಾವುದನ್ನೂ ಹೇಳುವುದಿಲ್ಲ. ಮನೆಗಳ ಲೆಕ್ಕ, ಸೂಚ್ಯಂಕದ ಅಂಕಿಗಳನ್ನೂ ಬಿಟ್ಟಿದ್ದೇನೆ. ಸಣ್ಣ ವಾರ್ಡು, ಅಂಕಿ ನೋಡಿದರೆ ಊರಿನವರಿಗೆ ಯಾರ ತೋಟ ಎಂದು ತಿಳಿದುಬಿಡುತ್ತದೆ. ಲೆಕ್ಕ ಹೇಗೆ ಮಾಡುವುದು ಎಂದು ತೋರಿಸಬೇಕಾದ ಕಡೆ ಉದಾಹರಣೆಯ ಅಂಕಿ ಕೊಟ್ಟಿದ್ದೇನೆ.

ಊರು, ಜನ

ಈ ಭಾಗ 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಬ್ಯಾರಿ, ಮರಾಠಿ, ಮಲಯಾಳ ಎಲ್ಲ ಇವೆ. ಓದು ಬರಹ ಹೆಚ್ಚಿನವರಿಗೆ ಕನ್ನಡದಲ್ಲಿ. ಆರೋಗ್ಯ ಇಲಾಖೆಯ ಭಿತ್ತಿಪತ್ರಗಳು ಮಾತ್ರ ಜಾಸ್ತಿ ಮಲಯಾಳದಲ್ಲೇ ಬರುತ್ತವೆ. ಗುಂಪಿನಲ್ಲಿ ಅರ್ಧದಷ್ಟು ಮಂದಿ ತೆಂಕಣ ಜಿಲ್ಲೆಗಳಿಂದ ಬಂದವರು. ಕನ್ನಡ, ತುಳು ಎರಡೂ ಬರುತ್ತಿದ್ದದ್ದು ಇಬ್ಬರಿಗೆ. ಹಾಗಾಗಿ ಪ್ರತಿ ಮನೆಭೇಟಿಯ ಜೋಡಿಯಲ್ಲಿ ಮಾತು ಬರುವವರೊಬ್ಬರು ಇರುವುದು ಸಾಧ್ಯವಿರಲಿಲ್ಲ. ಆಶಾ ಕಾರ್ಯಕರ್ತೆ ಜೊತೆಗೆ ನಡೆದರು.

ವಾರ್ಡು ಗುಡ್ಡದ ಇಳಿಜಾರಿನಲ್ಲಿದೆ. ಮೇಲೆ ಗೇರು, ರಬ್ಬರ್. ಕೆಳಗೆ ತೋಡಿನ ಎರಡೂ ಬದಿ ಅಡಿಕೆ ತೋಟ, ನಡುನಡುವೆ ಕೊಕ್ಕೊ, ಬಾಳೆ. ಹಲವು ಮನೆಗಳಿಗೆ ಸುರಂಗದ ನೀರು. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ಸಣ್ಣಗೆ ಹರಿದು ಬರುವ ನೀರನ್ನು ಸಿಮೆಂಟ್ ಟಾಂಕಿಯಲ್ಲಿ ಕೂಡಿಟ್ಟು ಬಳಸುತ್ತಾರೆ. ಇದು ಮುಂದೆ ಮುಖ್ಯವಾಗುತ್ತದೆ.

ಡೆಂಗಿಯೇ ಯಾಕೆ?

ಸಮೀಕ್ಷೆಯಲ್ಲಿ ಮೊದಲು ಕಂಡದ್ದು ಡೆಂಗಿ ಅಲ್ಲ. ಬಿಪಿ, ಸಕ್ಕರೆ ಕಾಯಿಲೆ ಇರುವವರು, ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸಿದವರು ಮನೆಮನೆಯಲ್ಲಿ ಸಿಕ್ಕಿದರು. ತೊಂದರೆಯ ಗಾತ್ರ ನೋಡಿದರೆ ಅದೇ ದೊಡ್ಡದು. ಗುಂಪಿನಲ್ಲಿ ಈ ಬಗ್ಗೆ ಜೋರು ಚರ್ಚೆಯೇ ಆಯಿತು.

ಕೊನೆಗೆ ಡೆಂಗಿ ಗೆದ್ದದ್ದು ಮೂರು ಕಾರಣಕ್ಕೆ. ಪೋಸ್ಟಿಂಗ್ ಮಳೆಗಾಲದಲ್ಲಿತ್ತು. ಹಿಂದಿನ ಮಳೆಗಾಲಗಳಲ್ಲಿ ಆ ಭಾಗದಿಂದ ಜ್ವರದ ವರದಿ ಬಂದಿದೆ ಎಂದು ಕುಟುಂಬ ಆರೋಗ್ಯ ಕೇಂದ್ರದ ಜೂನಿಯರ್ ಹೆಲ್ತ್ ಇನ್ಸ್‌ಪೆಕ್ಟರ್ ಹೇಳಿದರು. ಮೂರನೆಯದು ಸಮಯದ ಲೆಕ್ಕ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸಾಮಾನ್ಯವಾಗಿ ಏಳರಿಂದ ಹತ್ತು ದಿನ ಸಾಕು. ಮಾಡಿದ ಕೆಲಸ ಫಲ ಕೊಟ್ಟಿತೋ ಇಲ್ಲವೋ ಎಂದು ಪೋಸ್ಟಿಂಗ್ ಮುಗಿಯುವ ಮೊದಲೇ ನೋಡಬಹುದು. ಬಿಪಿ ಹತೋಟಿಗೆ ಬಂತೇ ಎಂದು ಕೆಲವೇ ವಾರಗಳಲ್ಲಿ ಹೇಳುವುದು ಕಷ್ಟ.

ಅಳೆಯಲು ಸುಲಭವಾದದ್ದನ್ನೇ ಆರಿಸಿದರೆ ಊರಿನ ನಿಜವಾದ ಕಷ್ಟ ಹಿಂದೆ ಬೀಳುತ್ತದೆ, ಅಲ್ವಾ? ಈ ಆಕ್ಷೇಪ ಸರಿಯೇ. ಆದರೂ ಕಲಿಯುವವರಿಗೆ ತಮ್ಮ ಕೆಲಸದ ಫಲವನ್ನು ಕಣ್ಣಾರೆ ನೋಡುವ ಅವಕಾಶ ಒಮ್ಮೆಯಾದರೂ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಬಿಪಿಯ ಪಟ್ಟಿಯನ್ನು ಗುಂಪು ಆರೋಗ್ಯ ಕೇಂದ್ರದ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್‌ಗೆ ಬರೆದುಕೊಟ್ಟಿತು.

ಮೊದಲ ಯೋಜನೆ

ಮೊದಲ ಯೋಜನೆ ಪಠ್ಯಪುಸ್ತಕದ ಹಾಗೆ ಅಚ್ಚುಕಟ್ಟಾಗಿತ್ತು. ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಸಂಘ) ಕೂಟಗಳಲ್ಲಿ ತರಗತಿ, ಶಾಲೆಯಲ್ಲಿ ಕಿರುನಾಟಕ, ಕನ್ನಡದಲ್ಲಿ ಕೈಬರಹದ ಚಾರ್ಟು, ಪ್ರತಿ ಭಾನುವಾರ ಡ್ರೈ ಡೇ, ಎಂದರೆ ನಿಂತ ನೀರನ್ನೆಲ್ಲ ಚೆಲ್ಲಿ ಒಣಗಿಸುವ ದಿನ. ತರಗತಿಗೆ ಮೊದಲು ಒಂದು ಪ್ರಶ್ನಾವಳಿ, ಆಮೇಲೆ ಅದೇ ಪ್ರಶ್ನಾವಳಿ. ಜೊತೆಗೆ ಮನೆ ಸಮೀಕ್ಷೆ.

ಮನೆ ಸಮೀಕ್ಷೆಯ ಲೆಕ್ಕ ಹೀಗೆ. 50 ಮನೆ ನೋಡಿ 10 ಮನೆಯಲ್ಲಿ ಸೊಳ್ಳೆಮರಿ ಸಿಕ್ಕಿದರೆ ಹೌಸ್ ಇಂಡೆಕ್ಸ್ 20. ಅದೇ 50 ಮನೆಗಳಲ್ಲಿ ಮರಿ ಇರುವ ಪಾತ್ರೆಗಳು ಒಟ್ಟು 15 ಇದ್ದರೆ, ನೂರು ಮನೆಗೆ 30 ಎಂದಾಯಿತು. ಅದು ಬ್ರೆಟೋ ಇಂಡೆಕ್ಸ್. ನೀರಿದ್ದ ಪಾತ್ರೆಗಳಲ್ಲಿ ನೂರಕ್ಕೆ ಎಷ್ಟರಲ್ಲಿ ಮರಿ ಇತ್ತು ಎಂಬುದು ಕಂಟೈನರ್ ಇಂಡೆಕ್ಸ್.

ತರಗತಿ ಚೆನ್ನಾಗಿ ನಡೆಯಿತು. ಎರಡನೇ ಪ್ರಶ್ನಾವಳಿಯಲ್ಲಿ ಅಂಕ ಎದ್ದು ಕಾಣುವಷ್ಟು ಏರಿತು. ಮನೆ ಸೂಚ್ಯಂಕವೂ ಇಳಿಯಿತು. ಡ್ರಮ್ಮಿಗೆ ಬಟ್ಟೆ ಕಟ್ಟಿದ್ದರು, ಫ್ರಿಜ್ಜಿನ ಹಿಂದಿನ ಟ್ರೇ ಒಣಗಿತ್ತು, ಹಳೆ ಟಯರು ಅಂಗಳದಿಂದ ಮಾಯವಾಗಿತ್ತು. ವರದಿ ಬರೆದು ಮುಗಿಸಬಹುದಿತ್ತು. ಹೆಚ್ಚಿನ ವರದಿಗಳು ಮುಗಿಯುವುದು ಇಲ್ಲಿಗೇ.

ಎರಡು ಸಂಗತಿಗಳು ಹಾಗಾಗಲು ಬಿಡಲಿಲ್ಲ.

ಒಂದು, ಆಶಾ ಅಕ್ಕನ ಮಾತು. "ಮನೆ ಎಲ್ಲ ಕ್ಲೀನ್ ಉಂಟು ಸಿಸ್ಟರೇ, ಆದರೆ ತೋಟಕ್ಕೆ ಇಳಿದರೆ ನುಸಿ ನಿಲ್ಲಲಿಕ್ಕೆ ಬಿಡುವುದಿಲ್ಲ. ಹಗಲೇ ಕಚ್ಚುತ್ತದೆ." ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ. ಇದನ್ನು ಗುಂಪು ತಾನೇ ತರಗತಿಯಲ್ಲಿ ಹೇಳಿಕೊಟ್ಟಿತ್ತು.

ಇನ್ನೊಂದು ಸಮೀಕ್ಷೆಯ ಫಾರಂ. ಅದರಲ್ಲಿ ಟಾಂಕಿ, ಡ್ರಮ್ಮು, ಟಯರು, ಹೂಕುಂಡ, ಫ್ರಿಜ್ಜು ಎಂದು ಕಾಲಂಗಳಿದ್ದವು. ಕೊನೆಯ ಕಾಲಂ "ಇತರೆ". ಅಂಕಿ ಕೂಡಿಸುತ್ತಿದ್ದ ಒಬ್ಬ ವಿದ್ಯಾರ್ಥಿನಿ ಒಂದು ವಿಷಯ ಗಮನಿಸಿದಳು. ಮೊದಲ ಸುತ್ತಿಗೆ ಹೋಲಿಸಿದರೆ ಎರಡನೇ ಸುತ್ತಿನಲ್ಲಿ "ಇತರೆ" ಕಾಲಂ ಮಾತ್ರ ಇಳಿದಿರಲಿಲ್ಲ. ಅದರಲ್ಲಿ ಏನಿದೆ ಎಂದು ಜೋಡಿಗಳನ್ನು ಕೇಳಿದರೆ ಎಲ್ಲರ ಉತ್ತರ ಒಂದೇ: ಅಡಿಕೆ ಹಾಳೆ. ಅದೂ ಅಂಗಳದ ಅಂಚಿನಲ್ಲಿ ಬಿದ್ದದ್ದಷ್ಟೇ. ತೋಟದ ಒಳಗೆ ಯಾರೂ ಹೋಗಿರಲಿಲ್ಲ, ಫಾರಂ ಹೋಗಲು ಹೇಳಿಯೂ ಇರಲಿಲ್ಲ.

ತೋಟದೊಳಗೆ

ಇಲ್ಲಿ ಒಂದು ಸಣ್ಣ ಲೆಕ್ಕ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಮರ ಬರುತ್ತದೆ. ಒಂದು ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ, ಪ್ರತಿ ಸೋಗೆಯ ಬುಡದಲ್ಲೂ ಒಂದು ಹಾಳೆ. ಎಂದರೆ ಒಂದು ಎಕರೆಯಲ್ಲಿ ವರ್ಷಕ್ಕೆ ಮೂರು ಸಾವಿರದ ಆಸುಪಾಸು ಹಾಳೆ, ವಾರಕ್ಕೆ ಐವತ್ತು ಅರವತ್ತು. ಅಂಗಾತ ಬಿದ್ದ ಹಾಳೆ ದೋಣಿಯ ಹಾಗೆ ನೀರು ಹಿಡಿಯುತ್ತದೆ. ಮೇಲೆ ನೆರಳು, ಬೇಗ ಆರುವುದೂ ಇಲ್ಲ. ಮೈಮೇಲೆ ಒಂದೇ ಬಿಳಿ ಗೆರೆ ಇರುವ ಈಡಿಸ್ ಆಲ್ಬೊಪಿಕ್ಟಸ್‌ಗೆ ಇಂಥ ಜಾಗವೇ ಇಷ್ಟ. ಮನೆಯೊಳಗಿನ ಪಾತ್ರೆಗಳಿಗೆ ಹೊಂದಿಕೊಂಡದ್ದು ಈಡಿಸ್ ಈಜಿಪ್ಟೈ. ತೋಟದ ಊರಿನಲ್ಲಿ ಮನೆಯೊಳಗಷ್ಟೇ ಹುಡುಕಿದರೆ ಅರ್ಧ ಸಮಸ್ಯೆ ಕಣ್ಣಿಗೇ ಬೀಳುವುದಿಲ್ಲ. ಸೊಳ್ಳೆ ನೂರಿನ್ನೂರು ಮೀಟರ್ ಆರಾಮವಾಗಿ ಹಾರುತ್ತದೆ, ತೋಟ ಇರುವುದು ಮನೆಯ ಬೆನ್ನಿಗೇ.

ಮರಿ ಹುಡುಕಲು ನೀರು ಮೊಗೆಯುವ ಸೌಟಿನ ಆಕಾರದ ಡಿಪ್ಪರು ಹಾಳೆಯ ತೆಳು ನೀರಿಗೆ ಇಳಿಯಲಿಲ್ಲ. ಮಕ್ಕಳಿಗೆ ಮದ್ದು ಹಾಕುವ ಡ್ರಾಪರು, ಬಿಳಿ ತಟ್ಟೆ, ಟಾರ್ಚು ಇಷ್ಟರಲ್ಲಿ ಕೆಲಸವಾಯಿತು. ಮರಿ ಸಿಕ್ಕಿತು, ಧಾರಾಳವಾಗಿ ಸಿಕ್ಕಿತು. ಇಲಿ, ಅಳಿಲು ಕೊರೆದು ಬಿಟ್ಟ ಕೊಕ್ಕೊ ಕೋಡಿನಲ್ಲೂ, ರಬ್ಬರಿನ ಹಾಲು ಹಿಡಿಯುವ ಗೆರಟೆಯಲ್ಲೂ ಸಿಕ್ಕಿತು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ತೋಟದ ಮೂಲೆಯಲ್ಲಿ ನೀರು ತುಂಬಿಟ್ಟ ಡ್ರಮ್ಮುಗಳಲ್ಲೂ ಇತ್ತು.

ಕೈಕೊಟ್ಟ ಉಪಾಯಗಳು

ಮೊದಲು ಯೋಚಿಸಿದ್ದು ಟೆಮೆಫಾಸ್. ಮರಿ ಕೊಲ್ಲುವ ಈ ಮದ್ದನ್ನು ಸರಿಯಾದ ಅಳತೆಯಲ್ಲಿ ಟಾಂಕಿಗೆ ಹಾಕಬಹುದು, ಇಲಾಖೆಯೂ ಬಳಸುತ್ತದೆ. ಟಾಂಕಿಗೆ, ಬೋರ್ಡೋ ಡ್ರಮ್ಮಿಗೆ ಹಾಕೋಣ ಎಂದು ಗುಂಪು ಕೇಳಿತು. ಮನೆಮನೆಯಲ್ಲೂ ಬೇಡ ಎಂದರು. ಒಬ್ಬರು ಹಿರಿಯರಂತೂ ಮಾತು ಮುಗಿಯುವ ಮೊದಲೇ ಕೈ ಅಡ್ಡ ಹಿಡಿದರು: "ಮದ್ದಿನ ಸುದ್ದಿ ಬೇಡ ಮಗಾ. ಆಗಲೂ ಏನೂ ಆಗುವುದಿಲ್ಲ ಅಂತಲೇ ಹೇಳಿದ್ದು."

'ಆಗ' ಎಂದರೆ ಯಾವಾಗ ಎಂದು ಈ ಜಿಲ್ಲೆಯಲ್ಲಿ ಯಾರೂ ಕೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. ಅಂಗವಿಕಲ ಮಕ್ಕಳನ್ನು ಇಂದಿಗೂ ಸಾಕುತ್ತಿರುವ ಮನೆಗಳು ಈ ಭಾಗದಲ್ಲಿವೆ. ಅಂಥ ಕಡೆ, ಅದೂ ಸುರಂಗದಿಂದ ಕುಡಿಯಲು ಬರುವ ನೀರಿಗೆ, ಯೂನಿಫಾರಂ ಹಾಕಿದ ಹುಡುಗಿಯರು ಮದ್ದು ಹಾಕುತ್ತೇವೆ ಎಂದರೆ ಯಾರು ಒಪ್ಪುತ್ತಾರೆ?

ಟೆಮೆಫಾಸ್ ಬೇರೆ, ಎಂಡೋಸಲ್ಫಾನ್ ಬೇರೆ ಎಂದು ತಿಳಿಸಿಕೊಡೋಣ ಎಂದು ಕೆಲವರು ಹೇಳಿದರು. ವಿಜ್ಞಾನದ ಪ್ರಕಾರ ಅದು ಸರಿ. ಆದರೆ ಗುಂಪು ಆ ವಾದಕ್ಕೆ ಇಳಿಯದೆ ಮದ್ದನ್ನು ಯೋಜನೆಯಿಂದಲೇ ತೆಗೆಯಿತು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಹಿಡಿಸಿದ ನಿರ್ಧಾರ ಇದು. ಆ ವಾದ ಗೆದ್ದರೂ ಮರುವಾರ ಬಾಗಿಲು ತೆರೆಯುತ್ತಿರಲಿಲ್ಲ. ಸಾವಿರಾರು ಹಾಳೆಗೆ ಮದ್ದು ಹಾಕುವುದು ಹೇಗೂ ಆಗದ ಕೆಲಸ. ಟಾಂಕಿಗೆ ಬಲೆ, ಡ್ರಮ್ಮಿಗೆ ಮುಚ್ಚಳ, ಕೆರೆಗೆ ಗಪ್ಪಿ ಮೀನು ಎಂದು ಬದಲಿಸಿದರು.

ಮುಂದಿನದು ಹಾಳೆ ತಟ್ಟೆಯ ಘಟಕ. ಹತ್ತಿರದಲ್ಲೇ ಒಂದಿತ್ತು. ಅವರು ಹಾಳೆ ಕೊಂಡರೆ ಜನ ತಾವಾಗಿಯೇ ಹೆಕ್ಕುತ್ತಾರೆ, ಕಾಸೂ ಸಿಗುತ್ತದೆ ಎಂದು ಗುಂಪಿಗೆ ಭಾರೀ ಉತ್ಸಾಹ. ಘಟಕದವರು ನಕ್ಕರು. ಅವರಿಗೆ ಬೇಕಾದದ್ದು ಬೇಸಿಗೆಯ ಒಣ ಹಾಳೆ. ಮಳೆಗೆ ನೆನೆದದ್ದು ಬೂಸ್ಟು ಹಿಡಿದು ಕಪ್ಪಾಗುತ್ತದೆ, ತಟ್ಟೆಗೆ ಆಗುವುದಿಲ್ಲ. ಸೊಳ್ಳೆಯ ಕಾಲ, ತಟ್ಟೆಯ ಕಾಲ ಎರಡೂ ಬೇರೆ ಬೇರೆ.

ಭಾನುವಾರದ ಡ್ರೈ ಡೇಯನ್ನು ತೋಟಕ್ಕೆ ಹಿಗ್ಗಿಸುವುದೂ ನಡೆಯಲಿಲ್ಲ. ಹಲವು ತೋಟಗಳ ಯಜಮಾನರಿಗೆ ಎಪ್ಪತ್ತು ದಾಟಿದೆ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾರೆ. ಭಾನುವಾರ ಆಳುಗಳಿಗೆ ರಜೆ. ಹೆಲ್ತಿನವರು ದಂಡ ಹಾಕಬಹುದು ಎಂಬ ಹೆದರಿಕೆಯೂ ಕೆಲವರಿಗಿತ್ತು. 2023ರ ಕೇರಳ ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಹೆದರಿಕೆಯಿಂದ ಆದದ್ದಿಷ್ಟೆ, ಭೇಟಿಯ ದಿನ ಮಾತ್ರ ದಾರಿ ಬದಿಯ ಹಾಳೆಗಳು ಮಾಯ.

ಹೆಕ್ಕುವವರ ಕೈಗೆ

ದಾರಿ ತೋರಿಸಿದ್ದು ಒಬ್ಬರು ಹೆಂಗಸು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಉದುರಿದ ಅಡಿಕೆಯನ್ನು ಅವರು ದಿನ ಬಿಟ್ಟು ದಿನ ಹೆಕ್ಕುತ್ತಾರೆ. "ಅಡಿಕೆ ಹಾಳೆಯ ಅಡಿಗೂ ಬಿದ್ದಿರ್ತದೆ. ಹಾಳೆ ಹೇಗೂ ಎತ್ತಬೇಕಲ್ಲ, ಕವುಚಿ ಹಾಕಿದರಾಯ್ತು," ಎಂದರು. ಅವರಿಗೆ ಅದು ಹೊಸ ಕೆಲಸವೇ ಅಲ್ಲ. ಕವುಚಿ ಬಿದ್ದ ಹಾಳೆಯಲ್ಲಿ ನೀರು ನಿಲ್ಲುವುದಿಲ್ಲ, ಮಣ್ಣಿಗೆ ಚೆಲ್ಲಿದ ಮರಿ ಬದುಕುವುದಿಲ್ಲ.

ಗುಂಪು ಇಡೀ ಯೋಜನೆಯನ್ನು ಈ ಒಂದು ಕೈಚಳಕದ ಸುತ್ತ ಮತ್ತೆ ಕಟ್ಟಿತು. ಗುರಿ ಬದಲಾಯಿತು. ಮೊದಲು ಬರೆದದ್ದು "ಜನರಿಗೆ ಡೆಂಗಿಯ ಬಗ್ಗೆ ತಿಳಿವಳಿಕೆ ಹೆಚ್ಚಿಸುವುದು". ಈಗ ಬರೆದದ್ದು "ತೋಟದಲ್ಲಿ ಅಂಗಾತ ಬಿದ್ದು ನೀರು ಹಿಡಿದ ಹಾಳೆಗಳನ್ನು ಕಡಿಮೆ ಮಾಡುವುದು". ಕೇಳುಗರೂ ಬದಲಾದರು. ಮಧ್ಯಾಹ್ನದ ಕೂಟಕ್ಕೆ ಬರುವವರೇ ಬೇರೆ, ಆ ಹೊತ್ತಿಗೆ ತೋಟದಲ್ಲಿ ಬಗ್ಗಿರುವವರೇ ಬೇರೆ. ಆದ್ದರಿಂದ ತರಗತಿಯನ್ನು ಬಿಟ್ಟು ಬೆಳಿಗ್ಗೆ ತೋಟಕ್ಕೇ ಹೋಗಿ ಅಡಿಕೆ ಹೆಕ್ಕುವವರ ಜೊತೆ ನಡೆದರು. ಒಂದು ಹಾಳೆಯ ನೀರನ್ನು ಬಿಳಿ ತಟ್ಟೆಗೆ ಬಗ್ಗಿಸಿ ಮರಿ ತೋರಿಸಿದರೆ ಬೇರೆ ಭಾಷಣ ಬೇಕಾಗಲಿಲ್ಲ. ಭಾಷೆ ಬಾರದ ವಿದ್ಯಾರ್ಥಿನಿಯರಿಗೂ ಇದು ಸಲೀಸಾಯಿತು.

ಅಳೆಯುವ ಕ್ರಮವನ್ನು ಈ ಸಲ ಕೆಲಸ ಶುರುವಾಗುವ ಮೊದಲೇ ಬರೆದಿಟ್ಟರು. ತೋಟದ ಒಂದು ಮೂಲೆಯಿಂದ ಎದುರು ಮೂಲೆಗೆ ಅಡ್ಡ ನಡೆಯುವುದು. ಕಣ್ಣಿಗೆ ಬಿದ್ದ ಮೊದಲ 20 ಹಾಳೆಗಳನ್ನು ನೋಡುವುದು. ಎಷ್ಟು ಅಂಗಾತ, ಎಷ್ಟರಲ್ಲಿ ನೀರು, ಎಷ್ಟರಲ್ಲಿ ಮರಿ ಎಂದು ಬರೆಯುವುದು. ಮೊದಲೇ ತಿಳಿಸಿ ಹೋಗುವಂತಿಲ್ಲ. ಒಂದು ತೋಟದಲ್ಲಿ ಕಲಿಸಿದ ಜೋಡಿ ಅದೇ ತೋಟದಲ್ಲಿ ಎಣಿಸುವಂತಿಲ್ಲ, ತಾವು ಕಲಿಸಿದ ಕಡೆ ಕಣ್ಣು ತುಸು ಉದಾರವಾಗುವುದು ಸಹಜ. ತೋಡಿನ ಆಚೆ ಬದಿಯ ತೋಟಗಳಲ್ಲೂ ಎಣಿಕೆ ನಡೆಯಿತು, ಕಲಿಸುವ ಕೆಲಸ ಮಾತ್ರ ಅಲ್ಲಿ ತಡವಾಗಿ ಶುರುವಾಯಿತು.

ಫಲ ಬಂತೇ?

ಆಚೆ ಬದಿಯನ್ನು ಎಣಿಸಿದ್ದರ ಬೆಲೆ ಬೇಗನೇ ತಿಳಿಯಿತು. ಒಂದು ವಾರ ಈಚೆ ಬದಿಯಲ್ಲಿ ಮರಿ ಇರುವ ಹಾಳೆಗಳು ಸರ್ರನೆ ಇಳಿದವು. ಗುಂಪಿಗೆ ಖುಷಿ. ಆಚೆಗೆ ಹೋಗಿ ನೋಡಿದರೆ ಅಲ್ಲೂ ಇಳಿದಿತ್ತು, ಅಲ್ಲಿ ಯಾರೂ ಏನೂ ಮಾಡಿರಲಿಲ್ಲ! ಹಿಂದಿನ ದಿನಗಳಲ್ಲಿ ಎಡೆಬಿಡದೆ ಸುರಿದ ಮಳೆ ಹಾಳೆಗಳನ್ನು ತುಂಬಿ ಹರಿಸಿ ಮರಿಗಳನ್ನು ತೊಳೆದುಬಿಟ್ಟಿತ್ತು. ಈಚೆ ಬದಿಯನ್ನಷ್ಟೇ ನೋಡಿದ್ದರೆ ಮಳೆ ಮಾಡಿದ ಕೆಲಸ ವಿದ್ಯಾರ್ಥಿಗಳ ಹೆಸರಿಗೆ ಬರುತ್ತಿತ್ತು.

ನಿಜವಾದ ವ್ಯತ್ಯಾಸ ಕಂಡದ್ದು ಮಳೆ ಬಿಟ್ಟುಬಿಟ್ಟು ಬರತೊಡಗಿದ ಮೇಲೆ. ಆಚೆ ಬದಿಯಲ್ಲಿ ಮರಿ ಮತ್ತೆ ಏರಿತು. ಈಚೆ ಬದಿಯಲ್ಲಿ ಅಷ್ಟು ಏರಲಿಲ್ಲ. ಆದರೆ ಈಚೆಯಲ್ಲೂ ಎಲ್ಲ ತೋಟ ಒಂದೇ ಥರ ಇರಲಿಲ್ಲ. ಮನೆಯವರೇ ಅಥವಾ ಕಾಯಂ ಆಳುಗಳು ಹೆಕ್ಕುವ ಕಡೆ ಹಾಳೆಗಳು ಕವುಚಿದ್ದವು. ಫಸಲನ್ನು ಗುತ್ತಿಗೆಗೆ ಕೊಟ್ಟ ತೋಟಗಳಲ್ಲಿ ಏನೂ ಬದಲಾಗಲಿಲ್ಲ. ಗುತ್ತಿಗೆಯ ಆಳು ಬರುವುದೇ ಅಪರೂಪಕ್ಕೆ, ಬಂದಾಗ ಆದಷ್ಟು ಬೇಗ ಅಡಿಕೆ ತುಂಬಿಕೊಂಡು ಹೋಗಬೇಕು. ಹಾಳೆ ಕವುಚುವುದರಿಂದ ಅವನಿಗೇನು ಲಾಭ? ಹತ್ತು ದಿನಕ್ಕೊಮ್ಮೆ ಹೆಕ್ಕುವ ಮನೆತೋಟಗಳಲ್ಲೂ ಫಲ ಕಡಿಮೆ. ಅಷ್ಟರಲ್ಲಿ ಒಂದು ತಲೆಮಾರು ಹಾರಿಯಾಗಿರುತ್ತದೆ.

ಡೆಂಗಿ ರೋಗಿಗಳ ಸಂಖ್ಯೆ ಇಳಿಯಿತೇ ಎಂಬುದನ್ನು ಗುಂಪು ಫಲದ ಅಳತೆಯಾಗಿ ಇಟ್ಟುಕೊಳ್ಳಲಿಲ್ಲ. ಒಂದು ವಾರ್ಡಿನಲ್ಲಿ ರೋಗಿಗಳು ಬೆರಳೆಣಿಕೆಯಷ್ಟು. ಸೋಂಕು ತಗುಲಿದ ಎಷ್ಟೋ ಮಂದಿಗೆ ಲಕ್ಷಣವೇ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಗಡಿ. ಈ ಕಡೆಯವರು ಜ್ವರ ಜೋರಾದರೆ ಬಸ್ಸು ಹತ್ತುವುದು ಮಂಗಳೂರಿಗೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟೆಂದು ಎಲ್ಲರಿಗೂ ಗೊತ್ತಾಯಿತು. ಮಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಡೆಂಗಿಯ ಎನ್ಎಸ್1 ರಕ್ತಪರೀಕ್ಷೆ ಪಾಸಿಟಿವ್ ಬಂದವರ ಹೆಸರು ಇಲ್ಲಿನ ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ಇರಲೇಬೇಕೆಂದಿಲ್ಲ. ರಿಜಿಸ್ಟರು ಖಾಲಿ ಇದ್ದ ಮಾತ್ರಕ್ಕೆ ಊರಿನಲ್ಲಿ ಜ್ವರ ಇಲ್ಲ ಎಂದು ಬರೆಯಲಾಗುವುದಿಲ್ಲ.

ಹಾಗೆಂದು ಪ್ರಶ್ನಾವಳಿ ಸುಮ್ನೆ ಎಂದಲ್ಲ. ಎರಡನೇ ಸುತ್ತಿನಲ್ಲೂ ಹೆಚ್ಚಿನವರು ತಪ್ಪಿದ್ದು ಒಂದೇ ಪ್ರಶ್ನೆಗೆ: ಡೆಂಗಿಯಲ್ಲಿ ಅಪಾಯದ ಹೊತ್ತು ಯಾವುದು? ಜ್ವರ ಏರಿದಾಗ ಎಂದೇ ಅವರ ಉತ್ತರ. ಜ್ವರ ಇಳಿಯುವ ಹೊತ್ತಿನಲ್ಲೇ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ, ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ತಿಳಿವಳಿಕೆಯೇ ಜೀವ ಉಳಿಸುವುದು. ಗುಂಪು ಉಳಿದ ಪ್ರಶ್ನೆಗಳನ್ನು ಕೈಬಿಟ್ಟು ಇದೊಂದನ್ನು, ಮತ್ತು ಜ್ವರಕ್ಕೆ ಐಬುಪ್ರೊಫೆನ್, ಆಸ್ಪಿರಿನ್ ನುಂಗಬಾರದು, ಪ್ಯಾರಾಸಿಟಮಾಲ್ ಸಾಕು ಎಂಬುದನ್ನು ಮನೆಮನೆಯಲ್ಲಿ ಮತ್ತೆ ಹೇಳಿತು.

ಬಿಟ್ಟು ಬಂದದ್ದು

ಪೋಸ್ಟಿಂಗ್ ಮುಗಿಯುವಾಗ ಎರಡು ಪುಟದ ಎಣಿಕೆ ಫಾರಂ ಆಶಾ ಅಕ್ಕನಿಗೆ ಕೊಡುವ ಯೋಚನೆ ಇತ್ತು. ಅವರ ಚೀಲದಲ್ಲಿ ಆಗಲೇ ಇರುವ ಡೈರಿ, ಸಮೀಕ್ಷೆ ಪುಸ್ತಕಗಳನ್ನು ನೋಡಿ ಕೈಬಿಟ್ಟರು. ಬದಲಿಗೆ ಕುಟುಂಬಶ್ರೀಯ ವಾರದ ಕೂಟದಲ್ಲಿ ಉಳಿತಾಯದ ಹಣ ಬರೆಯುವಾಗಲೇ ಒಂದು ಪ್ರಶ್ನೆ ಕೇಳುವುದು ಎಂದಾಯಿತು: ಈ ವಾರ ಎಷ್ಟು ಸಲ ಹೆಕ್ಕಿದಿರಿ, ಹಾಳೆ ಕವುಚಿದ್ದೀರಾ? ಬಾಯಿಮಾತಿನ ಉತ್ತರವನ್ನು ಪೂರ್ತಿ ನಂಬಲಾಗದು. ಅದಕ್ಕೆ ಹೆಲ್ತ್ ಇನ್ಸ್‌ಪೆಕ್ಟರ್ ತಿಂಗಳಿಗೊಮ್ಮೆ ಕೆಲವು ತೋಟಗಳಲ್ಲಿ ಆ 20 ಹಾಳೆಯ ನಡಿಗೆ ಮಾಡುವುದಾಗಿ ಒಪ್ಪಿದರು.

ಮುಂದಿನ ಬ್ಯಾಚಿಗೆ ಕೈಗೆ ಕೊಟ್ಟ ಟಿಪ್ಪಣಿಯಲ್ಲಿ ಮುಖ್ಯವಾಗಿ ಇರುವುದು ಬಾಕಿ ಕೆಲಸ. ಮೊದಲ ಎಣಿಕೆ ಮಳೆ ಹಿಡಿಯುವ ಮೊದಲೇ, ಮೇ 16ರ ರಾಷ್ಟ್ರೀಯ ಡೆಂಗಿ ದಿನದ ಹೊತ್ತಿಗೆ ಆಗಬೇಕು. ಕೊಕ್ಕೊ ಕೋಡಿಗೆ ಇನ್ನೂ ಉಪಾಯ ಸಿಕ್ಕಿಲ್ಲ, ಒಡೆದ ಕೋಡನ್ನು ಹೂಳುವಷ್ಟು ಆಳು ಯಾರ ಬಳಿಯೂ ಇಲ್ಲ. ಗುತ್ತಿಗೆ ತೋಟಗಳ ವಿಷಯದಲ್ಲಿ ಮಾತಾಡಬೇಕಾದದ್ದು ಹೆಕ್ಕುವವನ ಜೊತೆ ಅಲ್ಲ, ಕರಾರು ಮಾಡುವವರ ಜೊತೆ. ಒಬ್ಬ ಯಜಮಾನರು ಮುಂದಿನ ಫಸಲಿನ ಮಾತುಕತೆಯಲ್ಲಿ ಹಾಳೆ ಕವುಚುವುದನ್ನೂ ಷರತ್ತಾಗಿ ಸೇರಿಸುತ್ತೇನೆ ಎಂದಿದ್ದಾರೆ. ಅದಕ್ಕೆ ಗುತ್ತಿಗೆದಾರ ಎಷ್ಟು ರೂಪಾಯಿ ಕಡಿಮೆ ಮಾಡಿ ಕೇಳುತ್ತಾನೆ ಎಂಬುದನ್ನೂ ಬರೆದುಕೊಳ್ಳಿ ಎಂದು ಟಿಪ್ಪಣಿಯಲ್ಲಿ ಸೇರಿಸಿದ್ದೇವೆ.